ಕುಸಿದ ಕಮಾನು: ಒಂದು ಹಳೆಯ ಪಿಕಪ್ ಗಾಡಿಯ ನೆಪದಲ್ಲಿ

ರಾಜ್ಯೋತ್ಸವದ ಸಂಚಿಕೆಯೆಂದರೆ ವಾಚಕರು ಕದಂಬರನ್ನೂ ಹೊಯ್ಸಳರನ್ನೂ ವಿಜಯನಗರದ ವೈಭವವನ್ನೂ ನಿರೀಕ್ಷಿಸುವುದು ಸಹಜ. ಈ ಸಲ ನಾವು ಆರಿಸಿಕೊಂಡಿರುವ ವಸ್ತು ಅಷ್ಟು ಘನವಾದುದಲ್ಲ. ಮೋಟಾರು ಗಾಡಿಯ ಹೊಟ್ಟೆಯ ಕೆಳಗೆ ಕೆಸರು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ, ಹೊರೆಯನ್ನೆಲ್ಲ ತಾನೊಂದೇ ಹೊತ್ತುಕೊಂಡಿರುವ ಉಕ್ಕಿನ ಪಟ್ಟಿಗಳ ಕಟ್ಟಿನ ಚರಿತ್ರೆಯನ್ನು ಇಲ್ಲಿ ಹೇಳಲು ಹೊರಟಿದ್ದೇವೆ. ಮುಂಬಯಿಯ ಗ್ಯಾರೇಜುಗಳಲ್ಲಿ ಇದನ್ನು ‘ಪಾಟಾ’ ಎಂದೂ ‘ಕಮಾನ್’ ಎಂದೂ ಕರೆಯುವರು. ನಮ್ಮ ಊರಿನ ಬಸ್ಸು ಚಾಲಕರ ಬಾಯಲ್ಲಿ ಅದು ‘ಸ್ಪ್ರಿಂಗ್ ಪ್ಲೇಟು’. ನಾವು ಕಮಾನು ಪಟ್ಟಿ ಎನ್ನೋಣ.

ಇದನ್ನು ಬರೆಯಲು ಕಾರಣವಾದುದು ಒಂದು ತಪ್ಪು. ಅದೂ ನಮ್ಮದೇ ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ಲೇಸು.

ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಉಡುಪಿಯ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ತಮ್ಮದೇ ಒಂದು ಸಣ್ಣ ಹೋಟೆಲು ಇಟ್ಟವರು. 1950ರ ದಶಕದ ಮೊದಲಲ್ಲಿ ಕುರ್ಲಾದ ಕಾರ್ಖಾನೆಯಿಂದ ಹೊರಬಿದ್ದ ಫಾರ್ಗೊ ಪಿಕಪ್ ಗಾಡಿಯೊಂದನ್ನು ಅವರು ಎರಡನೆಯ ಕೈಯಿಂದ ಕೊಂಡಿದ್ದರು. ಬೆಳಗಿನ ಜಾವ ಅದು ತರಕಾರಿ, ತೆಂಗಿನಕಾಯಿ, ಬಾಳೆಯೆಲೆಗಳನ್ನು ಹೊತ್ತು ತರುತ್ತಿತ್ತು. ಭಾನುವಾರಗಳಲ್ಲಿ ನಮ್ಮ ನಾಟಕಗಳ ಪರದೆಗಳನ್ನೂ ಯಕ್ಷಗಾನದ ವೇಷದ ಪೆಟ್ಟಿಗೆಗಳನ್ನೂ ಹೊರುತ್ತಿತ್ತು. ಬಾಡಿಗೆಯೆಂದು ಅವರು ಒಂದು ಕಾಸನ್ನೂ ಕೇಳಿದವರಲ್ಲ. ಅವರು ಕಾಲವಾದ ಮೇಲೆ ಗಾಡಿ ಉಪನಗರದ ಅವರ ಮನೆಯ ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ನಿಂತಿತು. ಸಂಘಕ್ಕೆ ಉಗ್ರಾಣವಿರಲಿಲ್ಲ. ರಂಗಮಂಚದ ಹಲಗೆಗಳನ್ನೂ ಕಬ್ಬಿಣದ ಕಂಬಗಳನ್ನೂ ‘ನಾಲ್ಕು ದಿನದ ಮಟ್ಟಿಗೆ’ ಎಂದು ಆ ಗಾಡಿಯಲ್ಲಿಟ್ಟೆವು. ಆ ನಾಲ್ಕು ದಿನ ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ಕಳೆದ ವರ್ಷ ಭುವನೇಶ್ವರಿಯ ಮೆರವಣಿಗೆಗೆ ಅದೇ ಗಾಡಿಯನ್ನು ಸಿಂಗರಿಸಬೇಕೆಂದು ಕೆಲವರಿಗೆ ಹೊಳೆಯಿತು. ಹೋಗಿ ನೋಡಿದರೆ, ಗಾಡಿಯ ಹಿಂಭಾಗ ಕುಸಿದು, ಎಡಕ್ಕೆ ವಾಲಿ, ಚಾಸಿಯು ಆಕ್ಸಲಿನ ಮೇಲಣ ರಬ್ಬರಿನ ತಡೆಗೆ ತಾಗಿಕೊಂಡಿತ್ತು. ಮನೆಯ ಮೊಮ್ಮಗ, “ಗುಜರಿಯವನು ಬರ್ತಾನೆ, ತೂಕಕ್ಕೆ ಕೊಟ್ಟುಬಿಡುವ” ಎಂದ. ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದರು. “ಅದರ ಬೆನ್ನು ಮುರಿದದ್ದು ನೀವೇ ಅಲ್ವಾ ಮಾರಾಯ್ರೆ? ನೀವೇ ಸಮ ಮಾಡಿ ಕೊಡಿ. ಆಮೇಲೆ ಮಾರುವುದೋ ಇಡುವುದೋ ನಾನು ಹೇಳ್ತೇನೆ” ಎಂದರು. ನಮ್ಮಲ್ಲಿ ಯಾರಿಗೂ ಉತ್ತರ ತೋರಲಿಲ್ಲ.

ಹೀಗೆ ಆರಂಭವಾದ ಕೆಲಸವು ನಮ್ಮನ್ನು ಗಾಡಿಯ ಕೆಳಗೂ, ಅಲ್ಲಿಂದ ಚರಿತ್ರೆಯ ಒಳಗೂ ಇಳಿಸಿತು.

ರಥದಿಂದ ಸಾರೋಟಿಗೆ

ಗಾಲಿಗೆ ಸಾವಿರಾರು ವರ್ಷಗಳ ಇತಿಹಾಸವಿದ್ದರೂ ಗಾಲಿಗೂ ಕುಳಿತವನಿಗೂ ನಡುವೆ ಮೆತ್ತನೆಯ ಏರ್ಪಾಡೊಂದು ಬರಲು ಬಹಳ ಕಾಲ ಹಿಡಿಯಿತು. ನಮ್ಮ ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆಯೇ ಮರದ ಚೌಕಟ್ಟು ಕುಳಿತಿರುತ್ತದೆ. ಹುಲ್ಲು ಹಾಸಿಕೊಂಡು ಕುಳಿತರೆ ಅದೇ ಸ್ಪ್ರಿಂಗು. ಯೂರೋಪಿನಲ್ಲಿ ಮೊದಲು ಗಾಡಿಯ ಒಡಲನ್ನು ತೊಗಲಿನ ಪಟ್ಟಿಗಳಿಂದ ತೂಗುಹಾಕಿ ಕುಲುಕನ್ನು ಕಡಿಮೆಮಾಡಿಕೊಂಡರು. ಬಳಿಕ ಉಕ್ಕಿನ ಪಟ್ಟಿಗಳು ಬಂದವು.

ಹಿಗ್ಗುವ, ಬಾಗುವ ವಸ್ತುಗಳು ತಮ್ಮ ಮೇಲೆ ಬಿದ್ದ ಭಾರಕ್ಕೆ ತಕ್ಕ ಪ್ರಮಾಣದಲ್ಲಿಯೇ ಬಾಗುತ್ತವೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ 1678ರಲ್ಲಿ ಪ್ರಕಟಪಡಿಸಿದನು. ಭಾರ ತೆಗೆದೊಡನೆ ವಸ್ತು ಮೊದಲಿನ ರೂಪಕ್ಕೆ ಮರಳುತ್ತದೆ. ಆದರೆ ಇದಕ್ಕೊಂದು ಮಿತಿಯುಂಟು. ಆ ಮಿತಿಯನ್ನು ದಾಟಿ ಬಾಗಿದುದು ಮತ್ತೆ ಪೂರ್ತಿಯಾಗಿ ನೆಟ್ಟಗಾಗದು. ನಮ್ಮ ಗಾಡಿಯ ಕಥೆಯೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆ.

ಲಂಡನ್ನಿನ ಸಾರೋಟು ತಯಾರಕನಾದ ಒಬಡಾಯ ಎಲಿಯಟ್ ಎಂಬುವನು 1804ರಲ್ಲಿ ಎರಡು ಬಿಲ್ಲುಗಳನ್ನು ಎದುರುಬದುರಾಗಿ ಜೋಡಿಸಿದಂತಹ ಮೊಟ್ಟೆಯಾಕಾರದ ಕಮಾನನ್ನು ಬಳಕೆಗೆ ತಂದನು. ಅದುವರೆಗೆ ಸಾರೋಟಿನ ಮುಂದಣ ಹಿಂದಣ ಅಚ್ಚುಗಳನ್ನು ಕೂಡಿಸಲು ಉದ್ದನೆಯ ಭಾರವಾದ ತೊಲೆ ಬೇಕಾಗುತ್ತಿತ್ತು. ಎಲಿಯಟನ ಏರ್ಪಾಡಿನಲ್ಲಿ ಆ ತೊಲೆಯ ಅಗತ್ಯವೇ ತಪ್ಪಿತು. ಗಾಡಿ ಹಗುರವಾಯಿತು, ಕುದುರೆಗೂ ಬಿಡುಗಡೆಯಾಯಿತು. ಆ ಮೊಟ್ಟೆಯಲ್ಲಿ ಕೆಳಗಿನ ಅರ್ಧವನ್ನು ಮಾತ್ರ ಉಳಿಸಿಕೊಂಡರೆ ಸಿಗುವುದೇ ನಮ್ಮ ಲಾರಿ, ಬಸ್ಸು, ಪಿಕಪ್ಪುಗಳ ಅರ್ಧ ಕಮಾನು.

ಒಂದೇ ದಪ್ಪ ಪಟ್ಟಿಯನ್ನಿಡದೆ ಏಳೆಂಟು ತೆಳು ಪಟ್ಟಿಗಳನ್ನು ಏಕೆ ಅಡಕಬೇಕು? ಪಟ್ಟಿಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದರ ಬಿಗಿತ ಎರಡರಷ್ಟಲ್ಲ, ಎಂಟರಷ್ಟಾಗುತ್ತದೆ. ಅಂತಹ ಪಟ್ಟಿ ಬಾಗುವುದಿಲ್ಲ. ಬಲವಂತದಿಂದ ಬಾಗಿಸಿದರೆ ಹೊರಮೈ ಬಿರಿಯುತ್ತದೆ. ತೆಳುವಾದ ಪಟ್ಟಿ ಸುಲಭವಾಗಿ ಬಾಗುತ್ತದೆ, ಆದರೆ ಹೊರೆಯನ್ನು ತಾಳದು. ಆದ್ದರಿಂದ ತೆಳು ಪಟ್ಟಿಗಳನ್ನೇ ಒಂದರ ಮೇಲೊಂದು ಇಟ್ಟರು. ಒತ್ತಡವು ನಡುವಿನಲ್ಲಿ ಅತ್ಯಧಿಕ, ತುದಿಗಳಲ್ಲಿ ಕಡಿಮೆ. ಹೀಗಾಗಿ ನಡುವಿನಲ್ಲಿ ಎಲ್ಲ ಪಟ್ಟಿಗಳೂ, ತುದಿಯಲ್ಲಿ ಉದ್ದನೆಯ ಮುಖ್ಯ ಪಟ್ಟಿ ಮಾತ್ರವೂ ಉಳಿಯುವಂತೆ ಅವುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರು. ಬಾಗುವಾಗ ಪಟ್ಟಿಗಳು ಒಂದನ್ನೊಂದು ಉಜ್ಜಿಕೊಂಡು, ಗಾಡಿ ತೊಟ್ಟಿಲಿನಂತೆ ತೂಗುತ್ತಲೇ ಇರದ ಹಾಗೆ ತಾವೇ ತಡೆಯೂ ಆಗುವುವು.

ಉಕ್ಕು ಎಂಬ ಮಾತು

ಕಮಾನಿನ ಆಕಾರ ಸಾರೋಟಿನವನದಾದರೂ ಅದರ ಜೀವ ಉಕ್ಕಿನಲ್ಲಿದೆ. ಇಲ್ಲಿ ಕನ್ನಡಿಗರು ತುಸು ತಲೆಯೆತ್ತಿ ನೋಡಬಹುದಾದ ಸಂಗತಿಯೊಂದಿದೆ.

1790ರ ದಶಕದಲ್ಲಿ ಇದೇ ಮುಂಬಯಿಯಲ್ಲಿದ್ದ ವೈದ್ಯ ಹೆಲಿನಸ್ ಸ್ಕಾಟ್ ಎಂಬುವನು ದಕ್ಷಿಣ ಭಾರತದ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬುವನು ಆ ಉಕ್ಕನ್ನು ಪರೀಕ್ಷಿಸಿ ಪ್ರಬಂಧವನ್ನು ಓದಿದನು. ಅದರಲ್ಲಿ ಉಕ್ಕಿನ ಹೆಸರು ‘ವೂಟ್ಜ್’ ಎಂದಿತ್ತು. ಇದು ನಮ್ಮ ‘ಉಕ್ಕು’ ಎಂಬ ಮಾತೇ ಇಂಗ್ಲಿಷಿನ ಬರಹದಲ್ಲಿ ವೇಷ ಬದಲಿಸಿಕೊಂಡುದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ತೆಲುಗು ಬಾಂಧವರಿಗೂ ಈ ಮಾತು ಉಂಟಾದುದರಿಂದ ನಾವೊಬ್ಬರೇ ಹಕ್ಕು ಹೂಡುವುದು ತರವಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಅಲ್ಲಿನ ಕಬ್ಬಿಣ-ಉಕ್ಕಿನ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟಿರುವನು.

ಕಮ್ಮಾರನ ಮಗನಾದ ಮೈಕಲ್ ಫ್ಯಾರಡೆಯು ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟನೊಡನೆ ಸೇರಿ 1820ರ ಸುಮಾರಿನಲ್ಲಿ ಈ ಉಕ್ಕಿನ ಗುಟ್ಟನ್ನು ಬಿಡಿಸಲೆತ್ನಿಸಿದನು. ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದನು. ಗುಟ್ಟು ಪೂರ್ತಿ ಸಿಗಲಿಲ್ಲ. ಆದರೆ ಮಿಶ್ರಲೋಹದ ಉಕ್ಕನ್ನು ಕುರಿತ ಶಾಸ್ತ್ರೀಯ ಪ್ರಯೋಗಗಳಲ್ಲಿ ಇವು ಮೊದಲ ಸಾಲಿನಲ್ಲಿ ನಿಲ್ಲುತ್ತವೆ.

ಹಾಗೆಂದು ಮೋಟಾರಿನ ಕಮಾನು ನಮ್ಮ ಪೂರ್ವಿಕರ ಕೊಡುಗೆಯೆಂದು ವೇದಿಕೆಯ ಮೇಲೆ ಸಾರುವುದು ಸಲ್ಲದು. ಹಳೆಯ ಉಕ್ಕಿನಲ್ಲಿ ನೂರಕ್ಕೆ ಒಂದೂವರೆಯಷ್ಟು ಇಂಗಾಲವಿರುತ್ತಿತ್ತು. ಅದು ಕತ್ತಿಯ ಅಲಗಿಗೆ ಹೇಳಿಸಿದ ಉಕ್ಕು. ಕಮಾನಿನ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಜೊತೆಗೆ ಸಿಲಿಕಾನು, ಮ್ಯಾಂಗನೀಸು, ಕೆಲವೊಮ್ಮೆ ಕ್ರೋಮಿಯಮು, ವನೇಡಿಯಮು ಬೆರೆತಿರುತ್ತವೆ. ನಾವು ಜಗತ್ತಿಗೆ ಒಂದು ಮಾತನ್ನೂ ಒಂದು ಕುತೂಹಲವನ್ನೂ ಕೊಟ್ಟೆವು. ಅಷ್ಟನ್ನು ಹೇಳಿಕೊಂಡರೆ ಸಾಕು, ಅದು ಸಣ್ಣದೇನೂ ಅಲ್ಲ.

ಪಿಕಪ್ಪಿನ ಹುಟ್ಟು

ಪಿಕಪ್ ಗಾಡಿಯ ತವರು ಅಮೇರಿಕ. ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಕಾರು 1908ರಲ್ಲಿ ಹೊರಬಂದಾಗ ಅದಕ್ಕೆ ಮುಂದೊಂದು ಹಿಂದೊಂದು ಅಡ್ಡ ಕಮಾನುಗಳಿದ್ದವು. ಗಟ್ಟಿತನಕ್ಕಾಗಿ ವನೇಡಿಯಮ್ ಉಕ್ಕನ್ನು ಬಳಸಿದ್ದರು. ರೈತರು ಕಾರನ್ನು ಕೊಂಡು, ಹಿಂದಿನ ಭಾಗವನ್ನು ಕಿತ್ತು, ಊರ ಬಡಗಿಯಿಂದ ಮರದ ಪೆಟ್ಟಿಗೆ ಮಾಡಿಸಿ ಕೂರಿಸಿಕೊಳ್ಳುತ್ತಿದ್ದರು. ಇದನ್ನು ಕಂಡ ಕಂಪನಿಯು 1917ರಲ್ಲಿ ಒಂದು ಟನ್ ಹೊರುವ ಚಾಸಿಯನ್ನೂ, 1925ರ ಏಪ್ರಿಲಿನಲ್ಲಿ ಕಾರ್ಖಾನೆಯಲ್ಲಿಯೇ ಪೆಟ್ಟಿಗೆ ಜೋಡಿಸಿದ ಪಿಕಪ್ಪನ್ನೂ ಮಾರುಕಟ್ಟೆಗೆ ತಂದಿತು. ಬೆಲೆ 281 ಡಾಲರು. ಮೊದಲ ವರ್ಷವೇ ಸುಮಾರು 34 ಸಾವಿರ ಗಾಡಿಗಳು ತಯಾರಾದವು.

1928ರಲ್ಲಿ ಕ್ರೈಸ್ಲರ್ ಕಂಪನಿಯು ಡಾಜ್ ಕಂಪನಿಯನ್ನು ಕೊಂಡುಕೊಂಡಿತು. ಡಿ ಸೋಟೊ, ಫಾರ್ಗೊ ಎಂಬ ಹೆಸರುಗಳನ್ನೂ ಅದೇ ವರ್ಷ ಹುಟ್ಟುಹಾಕಿತು. ಒಂದೇ ಗಾಡಿಗೆ ಮೂತಿಯ ಮೇಲಣ ಫಲಕವನ್ನು ಬದಲಿಸಿ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರಿನಿಂದ ಮಾರುವುದು ಅವರ ಪದ್ಧತಿ. ನಮ್ಮ ದೇಶದ ರಸ್ತೆಗಳಲ್ಲಿ ಡಾಜ್, ಡಿ ಸೋಟೊ, ಫಾರ್ಗೊ ಲಾರಿಗಳು ಅಣ್ಣತಮ್ಮಂದಿರಂತೆ ಕಾಣುತ್ತಿದ್ದುದರ ಕಾರಣ ಇದೇ.

ಕಾರುಗಳಿಗೆ ಸುರುಳಿ ಸ್ಪ್ರಿಂಗು ಬಂದ ಮೇಲೂ ಹೊರೆಗಾಡಿಗಳ ಹಿಂಭಾಗದಲ್ಲಿ ಕಮಾನು ಪಟ್ಟಿ ಉಳಿದುಕೊಂಡಿತು. ಸುರುಳಿ ಸ್ಪ್ರಿಂಗು ಭಾರವನ್ನು ಹೊರುವುದು ಮಾತ್ರ. ಆಕ್ಸಲು ಹಿಂದೆಮುಂದೆ ಸರಿಯದಂತೆ ಹಿಡಿಯಲು ಬೇರೆ ತೋಳುಗಳು ಬೇಕು. ಕಮಾನು ಪಟ್ಟಿಯಾದರೋ ಹೊರುವ ಕೆಲಸವನ್ನೂ ಹಿಡಿಯುವ ಕೆಲಸವನ್ನೂ ತಾನೇ ಮಾಡುತ್ತದೆ. ಮೇಲಾಗಿ, ಅಡವಿಯ ನಡುವೆ ಒಂದು ಪಟ್ಟಿ ತುಂಡಾದರೂ ಉಳಿದವುಗಳ ಮೇಲೆ ಗಾಡಿ ತೆವಳಿಕೊಂಡಾದರೂ ಊರು ಸೇರುತ್ತದೆ.

ಮುಂಬಯಿಯ ಕಾರ್ಖಾನೆ, ಕನ್ನಡಿಗರ ಕನಸು

ಭಾರತದಲ್ಲಿ ಮೋಟಾರು ಜೋಡಣೆ ದೊಡ್ಡದಾಗಿ ಆರಂಭವಾದುದು ಮುಂಬಯಿಯಲ್ಲಿಯೇ. 1928ರಲ್ಲಿ ಜನರಲ್ ಮೋಟರ್ಸ್ ಕಂಪನಿ ಶಿವಡಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ಬಿಡಿಭಾಗಗಳೆಲ್ಲ ಹಡಗಿನಲ್ಲಿ ಪೆಟ್ಟಿಗೆಗಳಾಗಿ ಬರುತ್ತಿದ್ದವು. ಇಲ್ಲಿ ಬೋಲ್ಟು ಬಿಗಿಯುವುದಷ್ಟೇ ಕೆಲಸ.

ಇದು ಸಾಲದು, ಮೋಟಾರು ಇಲ್ಲಿಯೇ ತಯಾರಾಗಬೇಕು ಎಂದು ಪಟ್ಟುಹಿಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರನ್ನು ಕನ್ನಂಬಾಡಿಯ ಕಟ್ಟೆಯೊಡನೆ ನೆನೆಯುವ ನಾವು ಎರಡು ವಿಷಯಗಳನ್ನು ಮರೆಯುತ್ತೇವೆ. ಮೊದಲನೆಯದು, ಅವರೂ ನಮ್ಮಂತೆ ಹೊರನಾಡಿಗೆ ಬಂದ ಕನ್ನಡಿಗರು: ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಕೆಲಸಕ್ಕೆ ಸೇರಿ, ಎರಡು ದಶಕಗಳಿಗೂ ಮೇಲ್ಪಟ್ಟು ಈ ಸೀಮೆಯಲ್ಲಿ ದುಡಿದವರು. ಎರಡನೆಯದು, ಮೈಸೂರಿನ ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ ಅವರು ಯೂರೋಪು ಅಮೇರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ, ಮುಂಬಯಿಯಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು.

ಉದ್ಯಮಿ ವಾಲಚಂದ್ ಹೀರಾಚಂದರು ಇದನ್ನು ಕೈಗೆತ್ತಿಕೊಂಡರು. 1937ರಲ್ಲಿ ಅಧಿಕಾರಕ್ಕೆ ಬಂದ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಒಲವು ತೋರಿತು. ಆದರೆ 1939ರಲ್ಲಿ ಮಂತ್ರಿಮಂಡಲ ರಾಜೀನಾಮೆಯಿತ್ತಿತು. ಮೈಸೂರು ಸಂಸ್ಥಾನವೂ ಬೆಂಗಳೂರಿನಲ್ಲಿ ಕಾರ್ಖಾನೆಯಾಗಲೆಂದು ಆಸಕ್ತಿ ವಹಿಸಿತು. ಯುದ್ಧದ ಕಾಲದ ಭಾರತ ಸರಕಾರ ಬೆಂಬಲ ಕೊಡಲಿಲ್ಲ. ಬೆಂಗಳೂರಿಗೆ ಮೋಟಾರಿನ ಬದಲು ವಿಮಾನ ಬಂದಿತು: 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಅದೇ ವಾಲಚಂದರು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮೋಟಾರಿನ ಕನಸು 1944ರವರೆಗೆ ಕಾಯಬೇಕಾಯಿತು. ಆ ವರ್ಷ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಕ್ರೈಸ್ಲರಿನೊಡನೆ ಒಪ್ಪಂದವಾಗಿ 1947ರಲ್ಲಿ ಕುರ್ಲಾದಿಂದ ಗಾಡಿಗಳು ಹೊರಡತೊಡಗಿದವು. ಮೊದಮೊದಲು ಅವು ಕೂಡ ಹೆಚ್ಚಾಗಿ ಹೊರಗಿನಿಂದ ಬಂದ ಭಾಗಗಳ ಜೋಡಣೆಯೇ. ವಿಶ್ವೇಶ್ವರಯ್ಯನವರು ಬಯಸಿದುದು ಒಂದೊಂದು ಮೆಟ್ಟಿಲಾಗಿ ಆಯಿತು. 1962ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ನಮ್ಮ ದೇಶದ ಲಾರಿಗಳಲ್ಲಿ ನಮ್ಮ ದೇಶದ ಭಾಗಗಳು ಸಾಕಷ್ಟು ಸೇರಿಕೊಂಡಿದ್ದವು.

ಕುರ್ಲಾದ ಆ ಕಾರ್ಖಾನೆ ಇಂದಿಲ್ಲ. ಅದರ ನೆಲದ ಮೇಲೆ ಎತ್ತರದ ಕಟ್ಟಡಗಳೆದ್ದಿವೆ. ಪ್ರೀಮಿಯರ್ ರಸ್ತೆಯೆಂಬ ಹೆಸರು ಮಾತ್ರ ಉಳಿದಿದೆ. ಅಲ್ಲಿ ತಯಾರಾದ ಪದ್ಮಿನಿ ಟ್ಯಾಕ್ಸಿಗಳ ಕೊನೆಯದು 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬಯಿಯ ರಸ್ತೆಯಿಂದ ಮರೆಯಾಯಿತು.

ಬಿಡಿಭಾಗಗಳು ಇಲ್ಲಿಯೇ ಆಗಬೇಕೆಂದಾಗ ಅದರಲ್ಲಿ ಒಂದು ಪಾಲು ಮಂಗಳೂರಿಗೂ ಸಂದಿತು. ವಾಮನ ಶ್ರೀನಿವಾಸ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮೂವರು ಸ್ಥಾಪಕರಲ್ಲಿ ಒಬ್ಬರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ಕುಡ್ವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಕಾರ್ಖಾನೆ ಹೆಸರು ಮಾಡಿದುದು ಬೇರೆ ಯಾವುದರಿಂದಲೂ ಅಲ್ಲ, ಮೋಟಾರಿನ ಕಮಾನು ಪಟ್ಟಿಯಿಂದ. ಮುರಕಲ್ಲಿನ ರಸ್ತೆ, ಮಳೆಗಾಲದ ಹೊಂಡ, ಘಟ್ಟದ ತಿರುವು ಇವುಗಳನ್ನು ಕಂಡ ಸೀಮೆಯವರಿಗೆ ಕಮಾನಿನ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾವು ಕಲಿತ ಪಾಠ

ಇನ್ನು ನಮ್ಮ ಗಾಡಿಗೆ ಬರೋಣ. ಕಮಾನು ಕುಸಿಯುವುದು ಏಕೆ? ಶಕ್ತಿಮೀರಿದ ಹೊರೆ ಒಂದು ಕಾರಣ. ಲಕ್ಷಾಂತರ ಸಲ ಬಾಗಿ ಎದ್ದು ಉಕ್ಕು ದಣಿಯುವುದು ಇನ್ನೊಂದು. ಪಟ್ಟಿಗಳ ನಡುವೆ ನೀರು ಸೇರಿ ತುಕ್ಕು ತಿಂದು ದಪ್ಪ ಕಡಿಮೆಯಾಗುವುದು ಮೂರನೆಯದು. ಬಿಗಿತದ ಲೆಕ್ಕದಲ್ಲಿ ದಪ್ಪದ ಪಾತ್ರವೇನೆಂಬುದನ್ನು ಮೇಲೆ ಹೇಳಿದೆವು. ಸ್ವಲ್ಪವೇ ಸವೆದರೂ ನಷ್ಟ ಬಹಳ. ನಮ್ಮ ಗಾಡಿಗೆ ಈ ಮೂರೂ ಆಗಿದ್ದವು. ಜೊತೆಗೆ, ಇಪ್ಪತ್ತು ವರ್ಷ ಹೊರೆಯಿಳಿಸದೆ ನಿಂತದ್ದು. ಹಲಗೆಗಳನ್ನು ನಾವು ಎಡಕ್ಕೇ ಒಟ್ಟಿದ್ದೆವಾದ್ದರಿಂದ ಅದು ಎಡಕ್ಕೇ ವಾಲಿತ್ತು.

ನಾವು ಮೊದಲು ಹೋದ ಗ್ಯಾರೇಜಿನವರು, “ಎರಡು ಗಂಟೆಯ ಕೆಲಸ” ಎಂದರು. ಕಮಾನನ್ನು ಬಿಚ್ಚಲೂ ಇಲ್ಲ. ಗ್ಯಾಸಿನ ಉರಿಯಿಂದ ನಡುವಿನ ಭಾಗವನ್ನು ಕೆಂಪಗೆ ಕಾಯಿಸಿ, ಜಾಕಿನಿಂದ ಎತ್ತಿ, ನೀರೆರಚಿ ಆರಿಸಿದರು. ಗಾಡಿ ಎದ್ದು ನಿಂತಿತು. ನಾವು ಸಂತೋಷಪಟ್ಟು ಹಣ ಕೊಟ್ಟೆವು. ಎರಡು ವಾರ ಕಳೆದು, ಬೀದಿಯ ಒಂದು ಉಬ್ಬನ್ನು ದಾಟುವಾಗ ಗಾಡಿಯ ಕೆಳಗೆ ಪಟಾಕಿಯಂತಹ ಸದ್ದಾಯಿತು. ಎಡಗಡೆಯ ಎರಡನೆಯ ಪಟ್ಟಿ, ಕಾಯಿಸಿದ ಜಾಗದಲ್ಲಿಯೇ, ಬಳಪದ ಕಡ್ಡಿಯಂತೆ ತುಂಡಾಗಿತ್ತು.

ಮತ್ತೊಬ್ಬರು, “ಇನ್ನೊಂದು ದಪ್ಪ ಪಟ್ಟಿ ಸೇರಿಸಿಬಿಡಿ” ಎಂದರು. ಹಾಗೆ ಮಾಡಿದರೆ ಗಾಡಿ ಎತ್ತರವಾಗುವುದು ನಿಜ. ಆದರೆ ಹೊರೆಯ ಬಹುಪಾಲು ಆ ಹೊಸ ಪಟ್ಟಿಯ ಮೇಲೆ ಬಿದ್ದು, ಹಳೆಯವು ಹೆಸರಿಗೆ ಮಾತ್ರ ಉಳಿಯುತ್ತವೆ. ಬಿಗಿತ ಹೆಚ್ಚಿ ಪೆಟ್ಟೆಲ್ಲ ಚಾಸಿಗೆ ತಾಗುತ್ತದೆ.

ಕೊನೆಗೆ ಕುರ್ಲಾದ ಗಲ್ಲಿಯೊಂದರಲ್ಲಿ, ಕಾನಪುರದ ಕಡೆಯಿಂದ ಬಂದು ನೆಲಸಿದ ಮುದುಕ ಕಮ್ಮಾರರೊಬ್ಬರು ಸಿಕ್ಕಿದರು. ಎಲ್ಲರೂ ಅವರನ್ನು ಚಾಚಾ ಎನ್ನುವರು. ತುಂಡಾದ ಪಟ್ಟಿಯ ಒಡೆದ ಬಾಯನ್ನು ಬೆಳಕಿಗೆ ಹಿಡಿದು ನೋಡಿ, “ಒಂದು ಜಾಗವನ್ನು ಮಾತ್ರ ಕಾಯಿಸಿ ಆರಿಸಿದರೆ ಆ ಜಾಗ ಸತ್ತಂತೆ. ಕಾಯಿಸುವುದಾದರೆ ಇಡೀ ಪಟ್ಟಿಯನ್ನು ಕಾಯಿಸಬೇಕು, ಇಲ್ಲವಾದರೆ ಮುಟ್ಟಬಾರದು” ಎಂದರು. ಊರಿನ ಕುಲುಮೆಯಲ್ಲಿ ಕತ್ತಿಗೆ ಹದ ಹಾಕುವುದನ್ನು ಕಂಡ ನಮ್ಮ ಹಿರಿಯರಿಗೆ ಈ ಮಾತು ಒಡನೆಯೇ ಅರ್ಥವಾಯಿತು.

ಅವರು ಮಾಡಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇವೆ. ಇಂತಹ ಗಾಡಿಯಿರುವವರಿಗೆ ಉಪಯೋಗವಾದೀತು.

ಮೊದಲು ಗಾಡಿಯನ್ನು ಸಮನೆಲದಲ್ಲಿ ಬರಿದಾಗಿ ನಿಲ್ಲಿಸಿ ಎರಡೂ ಬದಿಯ ಎತ್ತರವನ್ನು ಅಳೆದರು. ಬಳಿಕ ಚಾಸಿಯ ಕೆಳಗೆ ಭದ್ರವಾದ ಆಧಾರಗಳನ್ನು ಕೊಟ್ಟು, ಯು-ಬೋಲ್ಟುಗಳನ್ನೂ ಶಾಕಲುಗಳನ್ನೂ ಬಿಚ್ಚಿ, ಎರಡೂ ಕಮಾನುಗಳನ್ನು ಇಳಿಸಿದರು. ಒಂದೇ ಕಡೆ ಕುಸಿದಿದ್ದರೂ ಎರಡನ್ನೂ ಒಟ್ಟಿಗೇ ದುರಸ್ತಿ ಮಾಡಬೇಕು. ಮುಖ್ಯ ಪಟ್ಟಿಯ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ದಾರ ಎಳೆದು, ನಡುವಿನಲ್ಲಿ ದಾರಕ್ಕೂ ಪಟ್ಟಿಗೂ ಇರುವ ದೂರವನ್ನು ಅಳೆದರೆ ಅದೇ ಕಮಾನಿನ ಬಾಗು. ಬಲಗಡೆ ನಾಲ್ಕಂಗುಲವಿದ್ದರೆ ಎಡಗಡೆ ಮೂರಂಗುಲವೂ ಇರಲಿಲ್ಲ.

ಕಟ್ಟನ್ನು ಬಿಚ್ಚುವಾಗ ನಡುವಿನ ಸೆಂಟರ್ ಬೋಲ್ಟನ್ನು ಹಾಗೆಯೇ ತೆಗೆಯಬಾರದು. ಕೆಳಗಿನ ಗಿಡ್ಡ ಪಟ್ಟಿಗಳಿಗೆ ಬಾಗು ಹೆಚ್ಚು, ಮೇಲಿನ ಉದ್ದ ಪಟ್ಟಿಗಳಿಗೆ ಕಡಿಮೆ. ಬೋಲ್ಟು ಅವುಗಳನ್ನು ಬಲವಂತವಾಗಿ ಒಂದುಗೂಡಿಸಿರುತ್ತದೆ. ಬೋಲ್ಟು ಸಡಿಲಿದೊಡನೆ ಪಟ್ಟಿಗಳು ಚಿಮ್ಮಿ ಕೈಮುಖಗಳಿಗೆ ಬಡಿಯಬಹುದು. ಮೊದಲು ಕ್ಲ್ಯಾಂಪಿನಲ್ಲಿ ಬಿಗಿದು, ಆಮೇಲೆ ಮೆಲ್ಲನೆ ಸಡಿಲಿಸಬೇಕು.

ತುಕ್ಕು ತೆಗೆದ ಪಟ್ಟಿಗಳನ್ನು ಸೀಮೆಯೆಣ್ಣೆಯಲ್ಲಿ ನೆನಸಿ, ಒರಸಿ, ಸೀಮೆಸುಣ್ಣದ ಪುಡಿ ಬಳಿದರು. ಬಿರುಕಿದ್ದರೆ ಅದರೊಳಗಿನ ಎಣ್ಣೆ ಹೊರಗೆ ಜಿನುಗಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಹೀಗೆ ಇನ್ನೊಂದು ಪಟ್ಟಿಯ ದೋಷ ಹೊರಬಿದ್ದಿತು. ಅದನ್ನೂ ತುಂಡಾದುದನ್ನೂ ಅದೇ ಅಗಲ, ಅದೇ ದಪ್ಪದ ಹೊಸ ಉಕ್ಕಿನಿಂದ ಮಾಡಿದರು. ಮೊದಲ ಗ್ಯಾರೇಜಿನವರ ಉರಿ ತಾಗಿದ ಉಳಿದ ಪಟ್ಟಿಗಳಿಗೆ ಮತ್ತೆ ಪೂರ್ತಿಯಾಗಿ ಹದ ಕೊಡದೆ ಗತ್ಯಂತರವಿರಲಿಲ್ಲ.

ನೆಲದ ಮೇಲೆ ಸುಣ್ಣದಿಂದ ಬೇಕಾದ ಬಾಗನ್ನು ಬರೆದರು. ಒಂದೊಂದೇ ಪಟ್ಟಿಯನ್ನು ಒಲೆಯಲ್ಲಿ ಉದ್ದಕ್ಕೂ ಒಂದೇ ಸಮನಾಗಿ, ಸುಮಾರು 850 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರು. ಚಾಚಾರ ಬಳಿ ಅಳತೆಯ ಯಂತ್ರವಿಲ್ಲ. ಉಕ್ಕಿನ ಬಣ್ಣ ನೋಡುವರು. ಅಯಸ್ಕಾಂತದ ತುಂಡೊಂದನ್ನು ತಾಗಿಸುವರು. 770 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅದಾದ ಮೇಲೆ ಇನ್ನೂ ತುಸು ಕಾಯಬೇಕೆಂಬುದು ಅವರ ಲೆಕ್ಕ. ಕಾದ ಪಟ್ಟಿಯನ್ನು ಅಚ್ಚಿನ ಮೇಲೆ ಬಾಗಿಸಿ, ಬರೆದ ಗೆರೆಗೆ ಹೋಲಿಸಿ, ತಡಮಾಡದೆ ಎಣ್ಣೆಯಲ್ಲಿ ಮುಳುಗಿಸಿದರು. ಎಣ್ಣೆಯಿಂದ ಬಂದ ಉಕ್ಕು ಬಲು ಗಡುಸು, ಆದರೆ ಗಾಜಿನಂತೆ ಒಡೆಯುವ ಸ್ವಭಾವದ್ದು. ಅದನ್ನು ಮತ್ತೆ 450ರಿಂದ 500 ಡಿಗ್ರಿಯವರೆಗೆ ಕಾಯಿಸಿ ನಿಧಾನವಾಗಿ ಆರಗೊಟ್ಟಾಗ ಗಡುಸುತನ ಸ್ವಲ್ಪ ಇಳಿದು ಬಾಗುವ ಗುಣ ಬರುತ್ತದೆ. ಮೊದಲ ಗ್ಯಾರೇಜಿನವರು ಬಿಟ್ಟುಬಿಟ್ಟ ಹಂತವೇ ಇದು.

ಬೆಂಕಿಯಿಲ್ಲದೆ, ಟೊಳ್ಳಿರುವ ದಿಮ್ಮಿಯ ಮೇಲೆ ಪಟ್ಟಿಯನ್ನು ಮಲಗಿಸಿ, ಅಂಗುಲ ಅಂಗುಲಕ್ಕೆ ಸುತ್ತಿಗೆಯಿಂದ ಬಡಿದು ಬಾಗು ಕೊಡುವ ವಿಧಾನವೂ ಉಂಟು. ಅದರಿಂದ ಹಳೆಯ ಹದ ಕೆಡುವುದಿಲ್ಲ. ಆದರೆ ಕಮಾನು ಬೇಗ ಮತ್ತೆ ಕುಸಿಯುವ ಸಂಭವ ಹೆಚ್ಚು. ಸಣ್ಣ ಕುಸಿತಕ್ಕೆ ಅದು ಸಾಕು, ನಮ್ಮದು ಸಣ್ಣದಾಗಿರಲಿಲ್ಲ.

ಪಟ್ಟಿಗಳ ನಡುವೆ ಗ್ರಾಫೈಟ್ ಬೆರೆತ ಗ್ರೀಸು ಬಳಿದು, ಹೊಸ ಸೆಂಟರ್ ಬೋಲ್ಟು ಹಾಕಿ, ಕಮಾನನ್ನು ಕಟ್ಟಿ, ಪ್ರೆಸ್ಸಿನಲ್ಲಿಟ್ಟು ಹಲವು ಸಲ ಚಪ್ಪಟೆಯಾಗುವಷ್ಟು ಒತ್ತಿ ಬಿಟ್ಟರು. ಹೊಸ ಬಾಗು ಮೊದಲಲ್ಲಿ ತುಸು ಇಳಿಯುವುದು ಸಹಜ. ಆ ಇಳಿತ ಗಾಡಿಯ ಕೆಳಗಾಗುವ ಬದಲು ಪ್ರೆಸ್ಸಿನಲ್ಲಿಯೇ ಆಗಿಹೋಗಲೆಂದು ಈ ಕ್ರಮ. ಇದಕ್ಕೆಂದೇ ಅವರು ಅರ್ಧ ಅಂಗುಲ ಹೆಚ್ಚಿಗೆ ಬಾಗು ಕೊಟ್ಟಿದ್ದರು. ಹೊಸ ಬುಷ್‌ಗಳು, ಹೊಸ ಯು-ಬೋಲ್ಟುಗಳು ಬಂದವು. ಗಾಲಿಗಳ ಮೇಲೆ ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ. ಕೆಲವು ನೂರು ಕಿಲೊಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೆಂದು ಚಾಚಾ ಎರಡು ಸಲ ಹೇಳಿ ಕಳುಹಿಸಿದರು.

ಅಳೆದು ನೋಡಿದಾಗ ಎಡಕ್ಕೂ ಬಲಕ್ಕೂ ಕಾಲು ಅಂಗುಲದ ವ್ಯತ್ಯಾಸವೂ ಇರಲಿಲ್ಲ.

ಈ ದುರಸ್ತಿಯಲ್ಲಿ ಗಾಡಿಯ ಮೂಲರೂಪವನ್ನು ಬದಲಿಸದೆ ಉಳಿಸಿಕೊಂಡುದು ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು. ಐವತ್ತು ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಹಳೆಯ ವಾಹನಗಳ ನೋಂದಣಿಗೆ ಕೇಂದ್ರ ಸರಕಾರವು 2021ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿದೆ. ಚಾಸಿ, ಒಡಲು, ಇಂಜಿನುಗಳನ್ನು ಮಾರ್ಪಡಿಸಿದ ವಾಹನ ಅದಕ್ಕೆ ಸಲ್ಲದು. ಹಳೆಯ ವಾಹನವುಳ್ಳವರು ಬಡಿಯುವ ಮುನ್ನ, ಕೊಯ್ಯುವ ಮುನ್ನ, ಇದನ್ನು ನೆನಪಿಡಬೇಕು.

ರಾಜ್ಯೋತ್ಸವದ ದಿನ ಗಾಡಿ ಭುವನೇಶ್ವರಿಯ ಪಟವನ್ನು ಹೊತ್ತು ಹೊರಟಿತು. ಹಿಂದೆ ಹತ್ತಲು ಮಕ್ಕಳು ನೂಕಾಡಿದರು. ಮೊಮ್ಮಗನೇ ಅಡ್ಡ ನಿಂತು, ಇಬ್ಬರಿಗಿಂತ ಹೆಚ್ಚು ಬೇಡವೆಂದು ಇಳಿಸಿದ. ತೂಕಕ್ಕೆ ಮಾರುವ ಮಾತನ್ನು ಅವನು ಮತ್ತೆ ಎತ್ತಿಲ್ಲ. ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅದರ ಹಿಂಭಾಗವನ್ನೇ ನೋಡುತ್ತಿದ್ದರು. ಸಂಜೆ ನಾವು ಗಾಡಿಯನ್ನು ಚಪ್ಪರಕ್ಕೆ ತಂದು ನಿಲ್ಲಿಸಿ, ತೃಪ್ತಿಯಾಯಿತೇ ಎಂದು ಕೇಳಿದೆವು.

“ಸಮ ನಿಂತಿದೆ” ಎಂದರು ಅಜ್ಜಿ. ಆಮೇಲೆ ಹಿತ್ತಲ ಗೋಡೆಗೊರಗಿಸಿದ್ದ ನಮ್ಮ ಹಲಗೆ ಕಂಬಗಳ ಕಡೆ ಕೈ ತೋರಿಸಿ, “ಇದನ್ನು ಯಾವಾಗ ತೆಗೊಂಡು ಹೋಗ್ತೀರಿ?” ಎಂದು ಕೇಳಿದರು.

ಮರುದಿನವೇ ತೆಗೆದೆವು. ಅವುಗಳಿಗಾಗಿ ಸಂಘವು ಈಗ ಬಾಡಿಗೆಗೆ ಒಂದು ಕೋಣೆ ಹಿಡಿದಿದೆ. ಹೊರನಾಡಿನಲ್ಲಿ ಕನ್ನಡದ ಕೆಲಸವೆಂದು ನಾವು ಹೇಳಿಕೊಳ್ಳುವುದರಲ್ಲಿ ಎಷ್ಟು ಭಾಗ ಇಂತಹ ಮನೆಗಳ ಹಿತ್ತಲಲ್ಲಿ, ಇಂತಹ ಗಾಡಿಗಳ ಬೆನ್ನ ಮೇಲೆ, ಕೇಳದೆ ಇಳಿಸದೆ ಕುಳಿತಿದೆಯೋ ಬಲ್ಲವರಾರು? ಓದುಗರಲ್ಲಿ ಯಾರ ಮನೆಯಲ್ಲಾದರೂ ಸಂಘದ ಸಾಮಾನು ‘ನಾಲ್ಕು ದಿನದ ಮಟ್ಟಿಗೆ’ ಉಳಿದಿದ್ದರೆ ದಯವಿಟ್ಟು ನಮಗೆ ತಿಳಿಸಬೇಕು. ಬಂದು ಹೊತ್ತುಕೊಂಡು ಹೋಗುವೆವು.